ಡ್ರೈಯರ್ ಬಿಸಿ ಜೋಕಾಲಿ ಆಡುತ್ತಿದೆ, ಏನು ಮಾಡಲಿ?

ಪ್ರಶ್ನೆ: ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಎಲೆಕ್ಟ್ರಿಕಲ್ ಕೆಲಸ ನೋಡಿಕೊಳ್ಳುತ್ತೇನೆ ಸರ್. ಭತ್ತದ ಡ್ರೈಯರಿಗೆ ಹೋಗುವ ಗಾಳಿಯ ಬಿಸಿಯನ್ನು ಸ್ಟೀಮ್ ವಾಲ್ವ್ ಮೂಲಕ ಪಿಐಡಿ ಕಂಟ್ರೋಲರ್ (ಸೆಟ್ ಮಾಡಿದ ಬಿಸಿಗೂ ಅಳೆದ ಬಿಸಿಗೂ ಇರುವ ವ್ಯತ್ಯಾಸ ನೋಡಿ ವಾಲ್ವ್ ತಿರುಗಿಸುವ ಸಾಧನ) ಹಿಡಿದಿಡಬೇಕು. 90 ಡಿಗ್ರಿಗೆ ಸೆಟ್ ಮಾಡಿದರೂ 84ರಿಂದ 96ರವರೆಗೆ ಹಂಟಿಂಗ್, ಅಂದರೆ ತೂಗಾಟ, ಆಗುತ್ತದೆ. ಒಂದು ಸುತ್ತಿಗೆ 4 ನಿಮಿಷ. ಗೇನ್, ಅಂದರೆ ವ್ಯತ್ಯಾಸಕ್ಕೆ ವಾಲ್ವ್ ಎಷ್ಟು ಜೋರಾಗಿ ತಿರುಗಬೇಕು ಅನ್ನುವುದನ್ನು, ಏರಿಸಿದರೆ ಇನ್ನೂ ಜಾಸ್ತಿ. ಉಳಿದ ವ್ಯತ್ಯಾಸವನ್ನು ಕೂಡಿಸುತ್ತಾ ಸರಿಪಡಿಸುವ ಇಂಟೆಗ್ರಲ್ ಟೈಮ್ 60 ಸೆಕೆಂಡ್ ಇದೆ. ಡಿಪ್ಲೊಮಾದಲ್ಲಿ ಓದಿದ ಬೋಡೆ ಪ್ಲಾಟ್ (ಫ್ರೀಕ್ವೆನ್ಸಿಗೆ ತಕ್ಕಂತೆ ಗೇನ್ ಮತ್ತು ಫೇಸ್ ತೋರಿಸುವ ಗ್ರಾಫ್) ಇಲ್ಲಿ ಕೆಲಸಕ್ಕೆ ಬರುತ್ತದಾ?

ಉತ್ತರ: ಬರುತ್ತದೆ. ಅರ್ಧ ಲೆಕ್ಕ ನೀವೇ ಮಾಡಿ ಕಳಿಸಿದ್ದೀರಿ. ಆ 4 ನಿಮಿಷ ಇದೆಯಲ್ಲ, ಅದನ್ನೇ ಹಿಡಿದುಕೊಳ್ಳೋಣ.

ಅದಕ್ಕೂ ಮೊದಲು ಒಂದು ಕೆಲಸ. ಕಂಟ್ರೋಲರನ್ನು ಮ್ಯಾನುಯಲ್‌ಗೆ ಹಾಕಿ, ವಾಲ್ವ್ ಅಲುಗಾಡದಂತೆ ಬಿಡಿ. ಆಗಲೂ ಬಿಸಿ ತೂಗಾಡಿದರೆ ತಪ್ಪು ಬಾಯ್ಲರ್ ಪ್ರೆಶರಿನದು. ನಿಂತರೆ, ಆಟೊಗೆ ಹಾಕಿ ವಾಲ್ವಿನ ಸ್ಟೆಮ್ (ಕಡ್ಡಿ) ನೋಡಿ. ಹಿಡಿದು ಹಿಡಿದು ಜಿಗಿಯುತ್ತಿದ್ದರೆ ಅದರ ಸುತ್ತಲಿನ ಸೀಲ್, ಅಂದರೆ ಗ್ಲ್ಯಾಂಡ್ ಪ್ಯಾಕಿಂಗ್, ಸರಿ ಮಾಡಿಸಿ. ಅಲ್ಲಿಯವರೆಗೆ ಟ್ಯೂನಿಂಗ್ ಸುಮ್ನೆ ದಂಡ.

ಈಗ ಪಂಚಮಿ ಜೋಕಾಲಿ ನೆನಪಿಸಿಕೊಳ್ಳಿ. ಎದುರು ಬರುವಾಗ ಕೈ ಕೊಟ್ಟರೆ ನಿಲ್ಲುತ್ತದೆ. ಅದೇ ಕೈ ಅರ್ಧ ಸುತ್ತು ತಡವಾಗಿ ಬಂದರೆ ತಳ್ಳಿದಂತಾಗುತ್ತದೆ, ಅಲ್ವಾ? ಅರ್ಧ ಸುತ್ತು ಅಂದರೆ 180 ಡಿಗ್ರಿ ಫೇಸ್ ಲ್ಯಾಗ್. ಅಷ್ಟು ತಡವಾಗುವ ಫ್ರೀಕ್ವೆನ್ಸಿಯಲ್ಲಿ ಲೂಪ್ ಗೇನ್ (ಕಂಟ್ರೋಲರ್, ವಾಲ್ವ್, ಸೆನ್ಸರ್ ಎಲ್ಲ ದಾಟಿ ಬಂದ ತೂಗಾಟ ಎಷ್ಟು ಪಟ್ಟಾಯಿತು ಅನ್ನುವುದು) 1 ಮುಟ್ಟಿದರೆ ತೂಗಾಟ ನಿಲ್ಲುವುದೇ ಇಲ್ಲ. ಗೇನ್ 1 ಆಗುವ ಕಡೆ 180ಕ್ಕೆ ಎಷ್ಟು ಡಿಗ್ರಿ ಬಾಕಿ ಇದೆಯೋ ಅದೇ ಫೇಸ್ ಮಾರ್ಜಿನ್. 45ರಿಂದ 60 ಇದ್ದರೆ ನೆಮ್ಮದಿ. ನಿಮ್ಮ ಹತ್ತಿರ ಈಗ ಸೊನ್ನೆ.

ಆ ಡಿಗ್ರಿಗಳನ್ನು ತಿಂದವರು ಯಾರು? 240 ಸೆಕೆಂಡಿನ ಸುತ್ತಿನಲ್ಲಿ, 60 ಸೆಕೆಂಡಿನ ಇಂಟೆಗ್ರಲ್ ಒಂದೇ ಸುಮಾರು 32 ಡಿಗ್ರಿ ತಿನ್ನುತ್ತದೆ. ಅದನ್ನು 240ಕ್ಕೆ ಏರಿಸಿದರೆ 9. ಪುಕ್ಕಟೆ 23 ಡಿಗ್ರಿ ಸಿಕ್ಕಿತು! ಇನ್ನೊಬ್ಬ ಕಳ್ಳ ಥರ್ಮೋವೆಲ್, ಅಂದರೆ ಸೆನ್ಸರ್ ಕೂರಿಸುವ ಕವಚ. ದಪ್ಪ ಕೊಳವೆ, ಮೇಲೆ ಹೊಟ್ಟಿನ ಧೂಳು. ಬಿಸಿ ಬದಲಾದದ್ದು ಹಿಡಿಯಲು ಅದು ತೆಗೆದುಕೊಳ್ಳುವ ಸಮಯ, ಅಂದರೆ ಟೈಮ್ ಕಾನ್‌ಸ್ಟಂಟ್ 40 ಸೆಕೆಂಡ್ ಆಗಿದ್ದರೆ ಅಲ್ಲೇ 46 ಡಿಗ್ರಿ ಹೋಯಿತು. 10 ಸೆಕೆಂಡಿನ ತೆಳು ಸೆನ್ಸರ್ ಹಾಕಿದರೆ ಬರೀ 15. ನನ್ನನ್ನು ಕೇಳಿದರೆ ದುಡ್ಡು ಅಲ್ಲಿ ಹಾಕಿ, ಹೊಸ ಕಂಟ್ರೋಲರಿಗಲ್ಲ.

ಈ ಲೆಕ್ಕ ಹುಟ್ಟಿದ್ದು ಬಾಯ್ಲರಿಗಲ್ಲ ಅನ್ನುವುದೇ ತಮಾಷೆ. ದೂರದ ಟೆಲಿಫೋನ್ ಲೈನಿನ ಆಂಪ್ಲಿಫೈಯರ್‌ಗಳು ತಾವೇ ಕೂಗತೊಡಗದಂತೆ ನೋಡಿಕೊಳ್ಳಲು ಬೆಲ್ ಲ್ಯಾಬ್ಸಿನ ಇಂಜಿನಿಯರ್ ಹ್ಯಾರಿ ನೈಕ್ವಿಸ್ಟ್ 1932ರಲ್ಲಿ ಇದನ್ನು ಬರೆದರು. ನೀವು ಓದಿದ ಪ್ಲಾಟಿನ ಬೋಡೆ ಬಂದದ್ದು ಆಮೇಲೆ.

ಮೊದಲು ಇಂಟೆಗ್ರಲ್ ಬದಲಿಸಿ, ಒಂದು ಗಂಟೆ ನೋಡಿ. ಆಮೇಲೆ ತೂಗಾಟ ನಿಲ್ಲದ ಗೇನಿನ ಅರ್ಧಕ್ಕೆ ಇಳಿಸಿ. ಅಲ್ಲಿಗೆ 6 ಡೆಸಿಬೆಲ್ ಗೇನ್ ಮಾರ್ಜಿನ್, ಅಂದರೆ ಗೇನಿನಲ್ಲಿ ಎರಡು ಪಟ್ಟು ಅವಕಾಶ, ಬಂತು. ಎರಡನ್ನೂ ಒಟ್ಟಿಗೆ ಮುಟ್ಟಬೇಡಿ. ಸುಗ್ಗಿಗೆ ಮುಂಚೆ ಮುಗಿಸಿಕೊಳ್ಳಿ. ಗೇಟಿನಲ್ಲಿ ಭತ್ತದ ಲಾರಿ ನಿಂತ ಮೇಲೆ ಮಾಲೀಕರು ಅರ್ಧ ಗಂಟೆಯೂ ಬಿಡುವುದಿಲ್ಲ.