ಮಣ್ಣಿನ ಗೂಡಿನೊಳಗೆ ಹಸಿರು ಹುಳ ಹೇಗೆ ಬಂತು?

ಪ್ರಶ್ನೆ: ನಮ್ಮ ಕಿಟಕಿಯ ಮೂಲೆಯಲ್ಲಿ ಕಣಜವೊಂದು ಮಣ್ಣಿನ ಗೂಡು ಕಟ್ಟಿತ್ತು. ಬಣ್ಣ ಹೊಡೆಸುವಾಗ ಅದನ್ನು ಕೆರೆದು ತೆಗೆದೆವು. ಒಳಗೆ ಏಳೆಂಟು ಹಸಿರು ಹುಳಗಳಿದ್ದವು. ಸತ್ತಂತೆ ಕಂಡರೂ ಮುಟ್ಟಿದರೆ ಸಣ್ಣಗೆ ಅಲುಗುತ್ತಿದ್ದವು. 'ಕಣಜ ಆ ಹುಳವನ್ನು ಕುಟುಕಿ ಕುಟುಕಿ, ಗುಂಯ್ ಅಂತ ಹಾಡಿ ತನ್ನ ಹಾಗೇ ಮಾಡಿಕೊಳ್ಳುತ್ತೆ' ಅಂತಾರೆ ನಮ್ಮ ಅಜ್ಜಿ. ಇದು ನಿಜವಾ? (ಓದುಗರು, ತೀರ್ಥಹಳ್ಳಿ)

ಉತ್ತರ: ನಿಮ್ಮ ಅಜ್ಜಿ ಹೇಳಿದ್ದಕ್ಕೆ ಒಂದು ಹೆಸರೇ ಇದೆ, ಭ್ರಮರ-ಕೀಟ ನ್ಯಾಯ. ಯಾವುದನ್ನು ಬಿಡದೆ ನೆನೆಯುತ್ತೇವೋ ಅದೇ ಆಗುತ್ತೇವೆ ಎನ್ನುವುದಕ್ಕೆ ಹಿರಿಯರು ಈ ಉದಾಹರಣೆ ಕೊಡುತ್ತಾ ಬಂದಿದ್ದಾರೆ. ಹುಳ ಕಣಜವಾಗುವುದಿಲ್ಲ. ಆದರೂ ಆ ಮಾತು ಹೇಳಿದವರು ಚೆನ್ನಾಗಿ ನೋಡಿಯೇ ಹೇಳಿದ್ದಾರೆ. ಹುಳ ಒಳಗೆ ಹೋಯಿತು, ಗೂಡಿನ ಬಾಯಿ ಮುಚ್ಚಿತು, ಕೆಲವು ವಾರ ಬಿಟ್ಟು ಅದೇ ಗೂಡಿನಿಂದ ಕಣಜ ಹೊರಬಂತು. ಇಷ್ಟೂ ನಿಜ. ಅವರ ಕಣ್ಣಿಗೆ ಬೀಳದೆ ಹೋದದ್ದು ಒಂದೇ, ಒಳಗಿದ್ದ ಸಣ್ಣ ಮೊಟ್ಟೆ.

ನೀವು ತೆಗೆದದ್ದು ಕುಂಬಾರ ಕಣಜದ ಗೂಡು. ನಮ್ಮ ಜಗುಲಿಯಲ್ಲಿ ಒಮ್ಮೆ ಇಂಥದೊಂದು ಗೂಡು ಎದ್ದುನಿಲ್ಲುವುದನ್ನು ಮೊದಲಿಂದ ಕೊನೆವರೆಗೆ ಕೂತು ನೋಡಿದ್ದೇನೆ. ಕಣಜ ಎಲ್ಲೋ ನೀರು ಕುಡಿದು ಬರುತ್ತದೆ. ಒಣ ಮಣ್ಣಿನ ಮೇಲೆ ಆ ನೀರನ್ನು ಕಕ್ಕಿ, ಬಾಯಿಂದ ಕಲಸಿ, ಮೆಣಸಿನ ಕಾಳಿನಷ್ಟು ಉಂಡೆ ಮಾಡುತ್ತದೆ. ಉಂಡೆಯನ್ನು ತಂದು ಗೋಡೆಯ ಅಂಚಿಗೆ ಪಟ್ಟಿಯಂತೆ ಎಳೆಯುತ್ತದೆ. ಎಳೆಯುವಾಗ ಮೀಸೆ ಎರಡೂ ಅಂಚನ್ನು ತಡವುತ್ತಲೇ ಇರುತ್ತವೆ. ಹಸಿ ಮಣ್ಣು ಕಪ್ಪಗೆ, ಒಣಗಿದ್ದು ಬಿಳಿಚಿಕೊಂಡು, ಸುತ್ತು ಸುತ್ತಾಗಿ ಗೂಡು ಮೇಲೇರುತ್ತದೆ. ಕೊನೆಗೆ ಮಡಿಕೆಗೆ ಇರುವಂಥದೇ ಕಂಠ, ಹೊರಕ್ಕೆ ಮಡಚಿದ ಬಾಯಿ. ಚಕ್ರವಿಲ್ಲ, ಕಲಿಸಿಕೊಟ್ಟವರಿಲ್ಲ.

ಅಜ್ಜಿ ಹೇಳಿದ ಹಾಡಿಗೂ ಒಂದು ಕಾರಣ ಇರಬಹುದು. ಕುಂಬಾರ ಕಣಜದ ದೂರದ ನೆಂಟ ಒಂದಿದೆ, ದಾರದಂಥ ಸೊಂಟದ್ದು. ಅದು ಕೆಸರನ್ನೇ ಎತ್ತಿ ತಂದು ಮೆತ್ತುತ್ತದೆ. ಮೆತ್ತುವಾಗ ಮೈ ಅದುರಿಸಿ ಗುಂಯ್ ಎನ್ನುತ್ತದೆ. ಆ ಅದುರಿಗೆ ಕೆಸರು ಹದವಾಗಿ ಕೂರುತ್ತದೆ. ಹಾಡು ಎಂದು ಜನ ಕೇಳಿದ್ದು ಇದನ್ನೇ ಇರಬೇಕು ಅಂತ ನನ್ನ ಊಹೆ. ಅದರ ಗೂಡು ಒಡೆದರೆ ಹಸಿರು ಹುಳ ಸಿಗುವುದಿಲ್ಲ, ಜೇಡಗಳು ಸಿಗುತ್ತವೆ.

ಇನ್ನು ಹುಳದ ವಿಷಯ. ಗೂಡು ಮುಗಿದ ಮೇಲೆ ತಾಯಿ ಕಣಜ ಒಂದೇ ಒಂದು ಮೊಟ್ಟೆ ಇಡುತ್ತದೆ. ನೆಲದ ಮೇಲೆ ಇಡುವುದಿಲ್ಲ, ಸಣ್ಣ ಎಳೆಯೊಂದರಿಂದ ಗೂಡಿನ ಮಾಡಿಗೆ ನೇತುಹಾಕುತ್ತದೆ. ಆಮೇಲೆ ಬೇಟೆ. ಎಲೆ ತಿನ್ನುವ ಹುಳವನ್ನು ಹಿಡಿದು ಕುಟುಕುತ್ತದೆ. ಆ ವಿಷಕ್ಕೆ ಹುಳ ಸಾಯುವುದಿಲ್ಲ, ಕೈಕಾಲು ಬಿದ್ದುಹೋದಂತಾಗುತ್ತದೆ. ಸತ್ತರೆ ಎರಡು ದಿನದಲ್ಲಿ ಕೊಳೆಯುತ್ತಿತ್ತು. ಚುರುಕಾಗಿದ್ದರೆ ಮೊಟ್ಟೆಯನ್ನು ಜಜ್ಜಿಹಾಕುತ್ತಿತ್ತು. ಫ್ರಿಜ್ ಇಲ್ಲದ ಮನೆಯಲ್ಲಿ ಊಟ ಕೆಡದಂತೆ ಇಡುವ ಉಪಾಯ ಇದು. ನಿಮ್ಮ ಕೈಗೆ ಹುಳ ಅಲುಗಿದ್ದು ಅದಕ್ಕೇ.

ಫ್ರಾನ್ಸಿನ ಕೀಟವಿಜ್ಞಾನಿ ಜಾನ್ ಆನ್ರಿ ಫಾಬ್ರ್ (1823-1915) ಇಂಥ ಗೂಡುಗಳಿಗೆ ಸಣ್ಣ ಕಿಂಡಿ ಕೊರೆದು ಒಳಗೆ ಇಣುಕಿ ನೋಡಿದ. ಮೊಟ್ಟೆಯೊಡೆದ ಮರಿ ತಲೆಕೆಳಗಾಗಿ ನೇತಾಡಿಕೊಂಡೇ ಕೆಳಗಿನ ಹುಳವನ್ನು ಕಚ್ಚಿ ತಿನ್ನುತ್ತದೆ, ಹುಳ ಮಿಸುಕಿದರೆ ಸರಕ್ಕನೆ ಮೇಲಕ್ಕೆ ಸರಿಯುತ್ತದೆ ಎಂದು ಬರೆದಿಟ್ಟ. ಸ್ವಲ್ಪ ಬಲಿತ ಮೇಲೆ ಕೆಳಗಿಳಿದು ಮಿಕ್ಕದ್ದನ್ನು ಮುಗಿಸುತ್ತದಂತೆ.

ನನಗೆ ಇದಕ್ಕಿಂತಲೂ ದೊಡ್ಡ ಬೆರಗು ಇನ್ನೊಂದು. ಹುಟ್ಟುವುದು ಹೆಣ್ಣೋ ಗಂಡೋ ಎನ್ನುವುದು ತಾಯಿ ಕಣಜದ ಕೈಲಿದೆ. ಕೂಡಿದಾಗ ಬಂದ ವೀರ್ಯವನ್ನು ಅದು ಹೊಟ್ಟೆಯ ಚೀಲದಲ್ಲಿ ಉಳಿಸಿಕೊಂಡಿರುತ್ತದೆ. ಮೊಟ್ಟೆಗೆ ಅದನ್ನು ಸೇರಿಸಿದರೆ ಹೆಣ್ಣು, ಸೇರಿಸದಿದ್ದರೆ ಗಂಡು. ಹೆಣ್ಣು ಗಾತ್ರದಲ್ಲಿ ದೊಡ್ಡದು, ಹಾಗಾಗಿ ಆ ಗೂಡಿಗೆ ಜಾಸ್ತಿ ಹುಳ ತಂದು ತುಂಬುತ್ತದೆ. ಬಾಯಿಗೆ ಮಣ್ಣು ಮೆತ್ತಿ ಹೊರಟುಹೋಗುತ್ತದೆ. ಮಗುವಿನ ಮುಖ ನೋಡಲು ಅದು ಕಾಯುವುದಿಲ್ಲ.

ಇಷ್ಟು ಮಾಡಿದರೂ ಮೋಸ ಹೋಗುವುದುಂಟು. ಗೂಡಿನ ಸುತ್ತ ನವಿಲಿನ ಕೊರಳಿನ ಬಣ್ಣದ, ಪಳಪಳ ಹೊಳೆಯುವ ಒಂದು ಹುಳ ಸುಳಿದಾಡುತ್ತಿದ್ದರೆ ಗಮನಿಸಿ. ಅದೂ ಕಣಜವೇ, ಕೋಗಿಲೆಯ ಬುದ್ಧಿಯದು. ಇನ್ನೊಬ್ಬರ ಗೂಡಿನೊಳಗೆ ತನ್ನ ಮೊಟ್ಟೆ ಸೇರಿಸಿಬಿಡುತ್ತದೆ. ಮನೆಯೊಡತಿ ಮೈಮೇಲೆ ಬಿದ್ದರೆ ಉಂಡೆಯಾಗಿ ಮುದುಡಿಕೊಳ್ಳುತ್ತದೆ. ಮೈ ಅಷ್ಟು ಗಟ್ಟಿ, ಕುಟುಕಿದರೂ ಮುಳ್ಳು ನಾಟುವುದು ಕಷ್ಟ.

ಪ್ರಶ್ನೆ: ಮನೆಯಲ್ಲಿ ಪುಟ್ಟ ಮಗು ಇದೆ. ಇಂಥ ಗೂಡು ಇದ್ದರೆ ಅಪಾಯವೇ? (ಓದುಗರು, ದಾವಣಗೆರೆ)

ಉತ್ತರ: ಭಯ ಬೇಡ. ಮರಕ್ಕೆ ಹುಟ್ಟು ಕಟ್ಟಿ ಗುಂಪಾಗಿ ಬಾಳುವ ಕಣಜಗಳೇ ಬೇರೆ, ಅವು ಗೂಡು ಕಾಯಲು ಮೈಮೇಲೆ ಎರಗುತ್ತವೆ. ಈ ಮಣ್ಣಿನ ಗೂಡಿನವು ಒಂಟಿ. ಕೈಯಲ್ಲಿ ಹಿಡಿದರೆ ಮಾತ್ರ ಕುಟುಕಬಹುದು. ಸ್ವಿಚ್‌ಬೋರ್ಡಿನ ತೂತು, ಬೀಗದ ಕಿಂಡಿಯಲ್ಲಿ ಕಟ್ಟಿದರೆ ತೆಗೆಯಲೇಬೇಕಾಗುತ್ತದೆ, ಕಟ್ಟುವ ಮೊದಲ ದಿನವೇ ತೆಗೆದರೆ ಒಳ್ಳೆಯದು. ಬೇರೆ ಕಡೆ ಇದ್ದರೆ ಗೂಡಿನ ಮೈಯಲ್ಲಿ ದುಂಡನೆಯ ತೂತು ಬೀಳುವವರೆಗೆ ಬಿಟ್ಟುಬಿಡಿ. ಸಾಮಾನ್ಯವಾಗಿ ತೂತು ಬಿತ್ತು ಅಂದರೆ ಒಳಗಿದ್ದದ್ದು ಹಾರಿಹೋಯಿತು ಎಂದರ್ಥ.

ಪ್ರಶ್ನೆ: ಬಚ್ಚಲಲ್ಲಿ ಹಸಿರಾಗಿ ಮಿನುಗುವ ಕಣಜವೊಂದು ಜಿರಲೆಯ ಮೀಸೆ ಹಿಡಿದು ಎಳೆದುಕೊಂಡು ಹೋಗುತ್ತಿತ್ತು. ಜಿರಲೆ ಸುಮ್ನೆ ಅದರ ಹಿಂದೆ ನಡೆಯುತ್ತಿತ್ತು! ಜಿರಲೆ ಕಾಟಕ್ಕೆ ಇದನ್ನು ಸಾಕಬಹುದಾ? (ಓದುಗರು, ಮಂಗಳೂರು)

ಉತ್ತರ: ಇದನ್ನು ಕಣ್ಣಾರೆ ನೋಡಿದ ನೀವು ಅದೃಷ್ಟವಂತರು. ಅದು ಜಿರಲೆ ಬೇಟೆಯ ಕಣಜ. ಮೊದಲ ಕುಟುಕು ಎದೆಗೆ, ಜಿರಲೆಯ ಮುಂಗಾಲು ಕೆಲವು ನಿಮಿಷ ಸೋಲುತ್ತವೆ. ಆ ಹೊತ್ತಿನಲ್ಲಿ ಎರಡನೆಯದು ತಲೆಗೆ, ನೇರ ಮಿದುಳಿಗೆ. ಆಮೇಲೆ ಜಿರಲೆ ಅರ್ಧ ಗಂಟೆಯಷ್ಟು ಹೊತ್ತು ತನ್ನ ಮೈಯನ್ನು ತಾನೇ ಒರೆಸಿಕೊಳ್ಳುತ್ತಾ ನಿಲ್ಲುತ್ತದೆ. ಕಾಲಿಗೆ ಶಕ್ತಿ ಇದೆ, ತಾನಾಗಿ ಹೊರಡುವ ಮನಸ್ಸೇ ಹೋಗಿರುತ್ತದೆ. ಕಣಜ ಅದರ ಮೀಸೆ ಕತ್ತರಿಸಿ, ಒಸರುವ ರಸ ಕುಡಿದು, ಉಳಿದ ಮೋಟು ಮೀಸೆ ಹಿಡಿದು ಹಗ್ಗ ಕಟ್ಟಿದ ಕರುವಿನಂತೆ ನಡೆಸಿಕೊಂಡು ಹೋಗುತ್ತದೆ. ಬಿಲಕ್ಕೆ ಸೇರಿಸಿ, ಕಾಲಿಗೆ ಮೊಟ್ಟೆ ಅಂಟಿಸಿ ಬಾಯಿ ಮುಚ್ಚುತ್ತದೆ. ಇಸ್ರೇಲಿನ ಬೆನ್ ಗುರಿಯನ್ ವಿಶ್ವವಿದ್ಯಾಲಯದಲ್ಲಿ ಫ್ರೆಡೆರಿಕ್ ಲಿಬರ್ಸಾಟ್ ಮತ್ತು ಜೊತೆಗಾರರು ಈ ವಿಷದ ಬೆನ್ನುಹತ್ತಿ ಕೆಲಸ ಮಾಡಿದ್ದಾರೆ.

ಸಾಕುವ ಯೋಚನೆ ಹಿಂದೆಯೇ ಬಂದಿತ್ತು. 1941ರಲ್ಲಿ ಇದನ್ನು ಹವಾಯಿಗೆ ಒಯ್ದು ಬಿಟ್ಟರು. ಕಣಜ ಅಲ್ಲಿ ಉಳಿಯಿತು, ಜಿರಲೆಗಳೂ ಉಳಿದವು. ಒಂದು ಮೊಟ್ಟೆಗೆ ಒಂದೇ ಜಿರಲೆ ಸಾಕು, ಕಣಜವೂ ತನ್ನ ಜಾಗ ಬಿಟ್ಟು ದೂರ ಹೋಗುವುದಿಲ್ಲ. ಜಿರಲೆ ಕಾಟಕ್ಕೆ ನೀವು ಬೇರೆ ದಾರಿ ನೋಡಿ. ಕಣಜ ಮತ್ತೆ ಕಂಡರೆ ಪೊರಕೆ ಎತ್ತಬೇಡಿ. ಮೆಲ್ಲಗೆ ಹಿಂದೆ ಹೋಗಿ ಯಾವ ಸಂದಿಗೆ ಒಯ್ಯುತ್ತದೆ ನೋಡಿ. ಸ್ವಲ್ಪ ತಾಳ್ಮೆಯಿದ್ದರೆ, ಅದು ಒಂದೊಂದೇ ಚೂರು ಕಲ್ಲು ಹೆಕ್ಕಿ ತಂದು ಬಾಗಿಲು ಮುಚ್ಚುವುದೂ ನೋಡಲು ಸಿಗಬಹುದು.