ಆಕ್ಲೆಂಡಿನಲ್ಲಿ ದೋಣಿ ಹತ್ತುವ ಮುಂಚೆ

ತಮ್ಮಾ, ನೀನು ಸುರಪುರದವನು ಅಂತ ಓದಿ ಖುಷಿಯಾಯಿತು. ಆಫೀಸಿನವರು ಶನಿವಾರ ಮೀನು ಹಿಡಿಯಲು ದೋಣಿಯಲ್ಲಿ ಕರೆದಿದ್ದಾರೆ, ಈಜು ಬರಲ್ಲ, ನಡುನೀರಿನಲ್ಲಿ ಏನಾದರೂ ಆದರೆ ಯಾರು ಬರುತ್ತಾರೆ ಅಂತ ಕೇಳಿದ್ದೀಯ. ಮನೆ ಬಾಡಿಗೆ, ಜೋಳದ ಹಿಟ್ಟಿನ ಬಗ್ಗೆಯೂ ಕೇಳಿದ್ದೀಯ. ಬಾಡಿಗೆ ಜಾಸ್ತಿಯೇ. ಹಿಟ್ಟು ನಮ್ಮವರ ಅಂಗಡಿಯಲ್ಲಿ ಸಿಗುತ್ತದೆ.

ನಡುನೀರಿನಲ್ಲಿ ಏನಾದರೂ ಆದರೆ ಬರುವುದು ಕೋಸ್ಟ್‌ಗಾರ್ಡ್. ನಮ್ಮ ದೇಶದಲ್ಲಿ ಅದು ಸಶಸ್ತ್ರ ಪಡೆ. ನ್ಯೂಜಿಲೆಂಡಿನಲ್ಲಿ ಹಾಗಲ್ಲ, ಇದೊಂದು ಸೇವಾಸಂಸ್ಥೆ. ದೋಣಿ ತರುವವರು ಸಂಬಳವಿಲ್ಲದ ಸ್ವಯಂಸೇವಕರು. ಎಂಜಿನ್ ಕೆಟ್ಟರೂ, ಪೆಟ್ರೋಲ್ ಮುಗಿದರೂ, ಬ್ಯಾಟರಿ ಡೌನ್ ಆದರೂ ಬರುತ್ತಾರೆ. ಸದಸ್ಯರಾದರೆ ಎಳೆದು ತರಲು ದುಡ್ಡಿಲ್ಲ, ಉಳಿದವರು ಖರ್ಚು ಕೊಡಬೇಕು. ಜೀವ ಉಳಿಸಿದ್ದಕ್ಕೆ ಮಾತ್ರ ಯಾರಿಗೂ ಬಿಲ್ ಇಲ್ಲ.

ನಾನು ಬಂದ ಹೊಸದರಲ್ಲಿ, ಡಿಸೆಂಬರಿನ ಬೇಸಿಗೆಯಲ್ಲಿ, ನಾನೂ ಹತ್ತಿದ್ದ ಪಕ್ಕದ ಮನೆಯವರ ದೋಣಿ ರಂಗಿಟೋಟೊ ದ್ವೀಪದಾಚೆ ನಿಂತುಬಿಟ್ಟಿತು. ರಜೆ ದಿನ ಪಾಪ ಯಾರಿಗೋ ಯಾಕೆ ತೊಂದರೆ, ಇನ್ನೊಮ್ಮೆ ಕೀಲಿ ತಿರುಗಿಸಿ ನೋಡಲಿ ಅಂತ ನನಗೆ ಅನ್ನಿಸುತ್ತಿತ್ತು. ಅವರು ಸೀದಾ ಮೊಬೈಲಿನಲ್ಲಿ ಕೋಸ್ಟ್‌ಗಾರ್ಡಿನ ನಂಬರ್ ಸ್ಟಾರ್ 500 ಒತ್ತಿದರು. ಆ ಕಡೆಯಿಂದ ಬಂದ ಮೊದಲ ಪ್ರಶ್ನೆ, ಎಷ್ಟು ಜನ ಇದ್ದೀರಿ, ಎಲ್ಲರೂ ಲೈಫ್‌ಜಾಕೆಟ್ ಹಾಕಿದ್ದೀರಾ? ಬಂದವರಲ್ಲಿ ಒಬ್ಬ ಎಲೆಕ್ಟ್ರಿಷಿಯನ್. ನಮ್ಮ ದೋಣಿಯ ಮುಂಭಾಗದ ಎರಡೂ ಬದಿಗೆ ಹಗ್ಗ ಕಟ್ಟಿಸಿ, ಉದ್ದಕ್ಕೆ ಬಿಟ್ಟು, ನಿಧಾನಕ್ಕೆ ಎಳೆದರು. ನೀರಲ್ಲಿ ಮುಳುಗಿದ್ದ ಹಗ್ಗ ಮೇಲೆದ್ದು, ಹಿಂಡಿದ ಧೋತರದಂತೆ ನೀರು ಸುರಿಸುತ್ತ ಬಿಗಿಯಾಯಿತು. ಯಾರೂ ಬೈಯಲಿಲ್ಲ.

ನಾನು ಇಲ್ಲಿ ಕಲಿತದ್ದು ಇದೇ, ಬೇಗ ಕರೆಯಬೇಕು. ನಮ್ಮ ಕಡೆಯವರಿಗೆ ಸಂಕೋಚ ಜಾಸ್ತಿ, ಅಲ್ವಾ? ಸುಮ್ನೆ ಕೂತರೆ ದೋಣಿ ತೇಲಿ ಬಂಡೆ ಕಡೆ ಹೋಗುತ್ತದೆ, ಗಾಳಿ ಏಳುತ್ತದೆ, ಕತ್ತಲಾಗುತ್ತದೆ, ಬೆಳಕಿದ್ದಾಗ ಒಂದು ಹಗ್ಗದಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಆಮೇಲೆ ಹೆಲಿಕಾಪ್ಟರ್ ಬೇಕಾಗುತ್ತದೆ. ದೋಣಿಯವರು ತಡಮಾಡಿದರೆ ನೀನೇ ಬಾಯಿ ಬಿಟ್ಟು ಹೇಳು. ಹೊಸಬ ಅಂತ ಹಿಂಜರಿಯಬೇಡ.

ನಾರಾಯಣಪುರ ಡ್ಯಾಮಿನಿಂದ ನೀರು ಬಿಟ್ಟರೆ ಕೃಷ್ಣೆಯ ನಡುಗಡ್ಡೆಯ ಊರು ನೀಲಕಂಠರಾಯನ ಗಡ್ಡಿಯವರ ಪಾಡು ಏನಾಗುತ್ತಿತ್ತು ಅಂತ ನಿನಗೆ ಹೇಳಬೇಕಿಲ್ಲ. ನಮ್ಮ ಸೋದರಮಾವ ತುಂಬಿದ ಕೃಷ್ಣೆಯಲ್ಲಿ ತೆಪ್ಪ ಹಾಕಿ ಬಾಣಂತಿಯರನ್ನು, ಜ್ವರ ಬಂದ ಮಕ್ಕಳನ್ನು ದಾಟಿಸುತ್ತಿದ್ದ. ಮೈಮೇಲೆ ಬನಿಯನ್ ಅಷ್ಟೇ. ಇಲ್ಲಿಯವರಿಗಿಂತ ಅವನು ಯಾವುದರಲ್ಲೂ ಕಡಿಮೆ ಇರಲಿಲ್ಲ. ಅವನಿಗೊಂದು ಒಳ್ಳೆ ಜಾಕೆಟ್ ಕೊಡಿಸುವಷ್ಟು ನಾನು ದುಡಿಯುವ ಹೊತ್ತಿಗೆ ಅವನೇ ಇರಲಿಲ್ಲ. ಅದೊಂದು ಇನ್ನೂ ಚುಚ್ಚುತ್ತದೆ.

ಶನಿವಾರ ಹೊರಡುವಾಗ ಕೋಸ್ಟ್‌ಗಾರ್ಡಿಗೆ ಟ್ರಿಪ್ ರಿಪೋರ್ಟ್ ಕೊಟ್ಟಿದ್ದಾರಾ ಕೇಳು. ಎಲ್ಲಿಗೆ, ಎಷ್ಟು ಜನ, ಯಾವಾಗ ವಾಪಸ್, ಅಷ್ಟೇ. ದಡಕ್ಕೆ ಬಂದ ಮೇಲೆ ವಾಪಸ್ ಬಂದೆವು ಅಂತ ತಿಳಿಸಿ ಅದನ್ನು ಮುಚ್ಚಲೇಬೇಕು. ಜೀವಕ್ಕೇ ಬಂದರೆ ದೋಣಿಯ ರೇಡಿಯೋದಲ್ಲಿ ಚಾನೆಲ್ 16, ಫೋನಿನಲ್ಲಿ 111. ಫೋನನ್ನು ನೀರು ಹೋಗದ ಚೀಲದಲ್ಲಿ ಇಟ್ಟುಕೋ. ಜಾಕೆಟ್ ದಡದಲ್ಲೇ ಹಾಕಿ ನೋಡು, ಕಾಲಸಂದಿಯ ಪಟ್ಟಿ ಬಿಗಿ, ಇಲ್ಲದಿದ್ದರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲೇರಿ ಮುಖಕ್ಕೆ ಬರುತ್ತದೆ. ನಿನ್ನ ಅಳತೆಯದು ಅವರಲ್ಲಿ ಇಲ್ಲದಿದ್ದರೆ ಶುಕ್ರವಾರವೇ ತಿಳಿಸು, ನಮ್ಮ ಮನೆಯಲ್ಲಿದೆ, ತಂದುಕೊಡುತ್ತೇನೆ.