ಗ್ಯಾಸ್ ಗೀಸರ್: ಚಟಚಟ ಸದ್ದಿದೆ, ಉರಿ ಇಲ್ಲ

ಪ್ರಶ್ನೆ: ನಮ್ಮದು ನಿಮಿಷಕ್ಕೆ 6 ಲೀಟರಿನ ಗ್ಯಾಸ್ ಗೀಸರ್. ಮೂರು ವರ್ಷ ಏನೂ ತೊಂದರೆ ಕೊಟ್ಟಿರಲಿಲ್ಲ. ಈಗ ನಲ್ಲಿ ತಿರುಗಿಸಿದರೆ ಚಟಚಟ ಎನ್ನುತ್ತದೆ, ಉರಿ ಮಾತ್ರ ಹತ್ತುವುದಿಲ್ಲ. ಸಿಲಿಂಡರ್ ತುಂಬಿದೆ. ಕಂಟ್ರೋಲ್ ಬೋರ್ಡ್ ಹೋಗಿದೆ, ಬದಲಿಸಬೇಕು ಎನ್ನುತ್ತಾರೆ ರಿಪೇರಿಯವರು. ಬದಲಿಸಬೇಕೇ?
– ತುಮಕೂರಿನ ಓದುಗರು

ಉತ್ತರ: ಸದ್ಯಕ್ಕೆ ಬೇಡ. ಮೊದಲು ಎರಡು ಹೊಸ ಸೆಲ್ ತಂದು ಹಾಕಿ. ನೀವು ಹೇಳಿದ ಲಕ್ಷಣಕ್ಕೆ ಸೆಲ್ ಸೋತಿರುವುದೇ ಎಲ್ಲಕ್ಕಿಂತ ಸಾಮಾನ್ಯ ಕಾರಣ.

ನಲ್ಲಿ ತಿರುಗಿಸಿದಾಗ ಒಳಗೆ ಏನಾಗುತ್ತದೆ ನೋಡಿ. ಹರಿಯುವ ನೀರು ಒಂದು ರಬ್ಬರ್ ಡಯಾಫ್ರಂ (ತೆಳು ಪೊರೆ) ಅನ್ನು ತಳ್ಳುತ್ತದೆ. ಅದಕ್ಕೆ ತಾಗಿಕೊಂಡ ಪಿನ್ನು ಸರಿದು ಮೈಕ್ರೋಸ್ವಿಚ್ ಕೆಲಸ ಮಾಡುತ್ತದೆ. ಆಗ ಎರಡು ಡಿ ಸೈಜ್ ಸೆಲ್‌ಗಳ 3 ವೋಲ್ಟ್ ಬೋರ್ಡಿಗೆ ಸಿಗುತ್ತದೆ. ಬೋರ್ಡು ಕಿಡಿಯನ್ನೂ ಹಾರಿಸಬೇಕು, ಸೊಲೆನಾಯ್ಡ್ ವಾಲ್ವ್ (ಕರೆಂಟಿನಿಂದ ತೆರೆಯುವ ಕವಾಟ) ಎಳೆದು ಗ್ಯಾಸನ್ನೂ ಬಿಡಬೇಕು. ಉರಿ ಹತ್ತಿದ್ದು ಖಾತ್ರಿಯಾದ ಮೇಲೆ ಕಿಡಿ ನಿಲ್ಲಿಸುತ್ತದೆ.

ಕಿಡಿಗೆ ಬೇಕಾಗುವ ಕರೆಂಟ್ ಕಡಿಮೆ. ಸೊಲೆನಾಯ್ಡ್ ಹಾಗಲ್ಲ. ಅದರೊಳಗೆ ಎರಡು ಸುರುಳಿಗಳಿರುತ್ತವೆ: ಮುಚ್ಚಿದ ವಾಲ್ವನ್ನು ಎಳೆದು ತೆರೆಯುವುದು ಒಂದು, ತೆರೆದದ್ದನ್ನು ಹಿಡಿದಿಡುವುದು ಇನ್ನೊಂದು. ಹಿಡಿದಿಡಲು ಅಲ್ಪ ಕರೆಂಟ್ ಸಾಕು. ಎಳೆಯುವ ಆ ಕ್ಷಣದಲ್ಲಿ ಮಾತ್ರ ದೊಡ್ಡ ಕರೆಂಟ್ ಬೇಕು. ಸೋತ ಸೆಲ್ ಕಿಡಿ ಹಾರಿಸುತ್ತಲೇ ಇರುತ್ತದೆ, ವಾಲ್ವ್ ಎಳೆಯಲಾರದು. ಅದಕ್ಕೇ ಸದ್ದಿದೆ, ಉರಿಯಿಲ್ಲ.

ಸೆಲ್ಲನ್ನು ಹೊರತೆಗೆದು ಮೀಟರ್ ಹಿಡಿದರೆ ಸೋತ ಸೆಲ್ಲೂ 1.4 ವೋಲ್ಟ್ ತೋರಿಸೀತು. ನಲ್ಲಿ ತೆರೆದು, ಕಿಡಿ ಹಾರುತ್ತಿರುವಾಗಲೇ ಎರಡೂ ಸೆಲ್ ಸೇರಿಸಿ ಅಳೆಯಿರಿ. 2.5 ವೋಲ್ಟಿಗಿಂತ ಕೆಳಗೆ ಕುಸಿದರೆ ಎರಡನ್ನೂ ಒಟ್ಟಿಗೇ ಬದಲಿಸಿ. ಆಲ್ಕಲೈನ್ ಸೆಲ್ಲೇ ಇರಲಿ. ರೀಚಾರ್ಜ್ ಮಾಡುವ ಸೆಲ್ 1.2 ವೋಲ್ಟಿನದು, ಎರಡು ಸೇರಿ 2.4 ಮಾತ್ರ. ಸೆಲ್ ಡಬ್ಬಿಯ ಸ್ಪ್ರಿಂಗ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಂಡರೆ ನಿಂಬೆರಸ ಅದ್ದಿದ ಹತ್ತಿಯಿಂದ ಒರೆಸಿ, ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ. ಬಚ್ಚಲಿನ ಹಬೆಗೆ ಆ ಜಾಗ ಬೇಗ ಕಿಲುಬು ಹಿಡಿಯುತ್ತದೆ.

ಹೊಸ ಸೆಲ್ ಹಾಕಿಯೂ ಹತ್ತದಿದ್ದರೆ ಕಿವಿಗೊಟ್ಟು ಕೇಳಿ. ಚಟಚಟದ ಜೊತೆಗೆ ಒಂದೇ ಒಂದು ‘ಟಕ್’ ಕೇಳಿಸಿದರೆ ವಾಲ್ವ್ ತೆರೆಯಿತು ಎಂದರ್ಥ. ಇನ್ನು ನೋಡಬೇಕಾದದ್ದು ಗ್ಯಾಸ್ ಬರುತ್ತಿದೆಯೇ ಎಂದು. ಸಿಲಿಂಡರ್ ಆಗಷ್ಟೇ ಬದಲಿಸಿದ್ದರೆ ಪೈಪಿನಲ್ಲಿ ಗಾಳಿ ತುಂಬಿಕೊಂಡು ಮೊದಲ ಎರಡು ಮೂರು ಸಲ ಹತ್ತದಿರಬಹುದು. ಟಕ್ ಕೇಳಿಸದಿದ್ದರೆ ಸೊಲೆನಾಯ್ಡಿನ ತಂತಿ, ಅದರ ಕನೆಕ್ಟರ್, ನೀರು ಅತಿಯಾಗಿ ಕಾದಾಗ ಆರಿಸುವ ಥರ್ಮೋಸ್ಟಾಟ್, ಈ ಮೂರನ್ನೂ ಪರೀಕ್ಷಿಸಬೇಕು. ಬೋರ್ಡಿನ ಸರದಿ ಬರುವುದು ಆಮೇಲೆ. ಕಿಡಿಯೂ ಬರ್ನರಿಗೇ ಹಾರಬೇಕು, ಕಿಡಿ ಹಾರಿಸುವ ಲೋಹದ ಕಡ್ಡಿಗೂ ಬರ್ನರಿಗೂ ನಡುವೆ 4–5 ಮಿ.ಮೀ. ಅಂತರ ಇರಬೇಕು. ಕಡ್ಡಿಯ ಬಿಳಿ ಪಿಂಗಾಣಿ ಸೀಳಿದ್ದರೆ ಕಿಡಿ ಅಲ್ಲೇ ತಗಡಿಗೆ ಹಾರಿಬಿಡುತ್ತದೆ. ಸದ್ದು ಜೋರಾಗಿಯೇ ಇರುತ್ತದೆ, ಗ್ಯಾಸಿಗೆ ತಾಗುವುದಿಲ್ಲ.

ಹತ್ತಲಿಲ್ಲವೆಂದು ನಲ್ಲಿಯನ್ನು ಮತ್ತೆ ಮತ್ತೆ ತೆರೆದು ಮುಚ್ಚಬೇಡಿ. ಪ್ರತಿ ಸಲವೂ ಒಂದಿಷ್ಟು ಗ್ಯಾಸ್ ಒಳಗೆ ಸೇರಿ ಕೊನೆಗೆ ಭಗ್ಗನೆ ಹತ್ತಿಕೊಳ್ಳುತ್ತದೆ. ನಲ್ಲಿ ನಿಲ್ಲಿಸಿ, ಕಿಟಕಿ ತೆರೆದು, ಎರಡು ನಿಮಿಷ ಬಿಟ್ಟು ನೋಡಿ. ಬೆಂಕಿಕಡ್ಡಿಯಂತೂ ಬೇಡವೇ ಬೇಡ.

ಪ್ರಶ್ನೆ: ಉರಿ ಹತ್ತುತ್ತದೆ, ಐದಾರು ಸೆಕೆಂಡಿನಲ್ಲಿ ಆರುತ್ತದೆ. ಸೆನ್ಸರ್ ತಂತಿ ಕಿತ್ತುಬಿಟ್ಟರೆ ಸರಿಹೋಗುತ್ತದೆ ಎಂದು ಪಕ್ಕದ ಮನೆಯವರು ಹೇಳುತ್ತಾರೆ.
– ಮೈಸೂರಿನ ಓದುಗರು

ಉತ್ತರ: ಕಿತ್ತರೆ ಉರಿ ಉಳಿಯುವುದೇ ಇಲ್ಲ, ಆರಿಹೋಗುತ್ತದೆ. ಬರ್ನರ್ ಮೇಲೆ ಚಾಚಿಕೊಂಡಿರುವ ಕಡ್ಡಿಗಳಲ್ಲಿ ಒಂದು ಕಿಡಿಯದು, ಇನ್ನೊಂದು ಉರಿಯನ್ನು ಗುರುತಿಸುವುದು. ಉರಿಯೊಳಗೆ ವಿದ್ಯುತ್ ಕಣಗಳಿರುವುದರಿಂದ ಅದರ ಮೂಲಕ ಅತಿ ಸಣ್ಣ ಕರೆಂಟ್ ಹರಿಯುತ್ತದೆ, ಆಂಪಿಯರಿನ ಹತ್ತು ಲಕ್ಷದಲ್ಲೊಂದು ಪಾಲಿನ ಲೆಕ್ಕದ್ದು. ಬರ್ನರ್ ದೊಡ್ಡದು, ಕಡ್ಡಿ ಸಣ್ಣದು. ಹಾಗಾಗಿ ಒಂದು ದಿಕ್ಕಿಗೆ ಹೆಚ್ಚು, ಇನ್ನೊಂದು ದಿಕ್ಕಿಗೆ ಕಡಿಮೆ ಹರಿಯುತ್ತದೆ. ಬೋರ್ಡು ಆ ವ್ಯತ್ಯಾಸ ನೋಡಿಯೇ ‘ಉರಿ ಇದೆ’ ಎಂದು ನಂಬುತ್ತದೆ. ಆ ಕುರುಹು ಸಿಗದಿದ್ದರೆ ಗ್ಯಾಸ್ ಮುಚ್ಚುತ್ತದೆ. ಉರಿ ಆರಿದ ಮೇಲೂ ಗ್ಯಾಸ್ ಸೋರದಂತೆ ತಡೆಯುವುದು ಈ ಒಂದು ಕಡ್ಡಿ. ಅದನ್ನು ವಂಚಿಸುವ ಯಾವ ಉಪಾಯವನ್ನೂ ಒಪ್ಪಬೇಡಿ.

ಕಡ್ಡಿಯ ಮೇಲೆ ತೆಳ್ಳಗೆ ಮಸಿಯೋ ಬೂದು ಬಣ್ಣದ ಪದರವೋ ಕೂತಿದ್ದರೆ ಆ ಸಣ್ಣ ಕರೆಂಟ್ ಹರಿಯುವುದಿಲ್ಲ. ರೆಗ್ಯುಲೇಟರ್ ಆಫ್ ಮಾಡಿ, ಸೆಲ್ ತೆಗೆದು, ಗೀಸರ್ ತಣ್ಣಗಾಗಲು ಬಿಡಿ. ಮುಚ್ಚಳ ಬಿಚ್ಚಿ ಕಡ್ಡಿಯನ್ನು ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರಿನಿಂದಲೋ ನಯವಾದ ಸ್ಟೀಲ್ ನಾರಿನಿಂದಲೋ ಹಗುರವಾಗಿ ಉಜ್ಜಿ, ಒಣ ಬಟ್ಟೆಯಿಂದ ಒರೆಸಿ. ಮರಳು ಕಾಗದ ಬೇಡ. ಅದರ ಕಣಗಳು ಲೋಹಕ್ಕೆ ಅಂಟಿ ಮತ್ತೆ ಪದರವಾಗುತ್ತವೆ. ಕಡ್ಡಿಯ ತುದಿ ಉರಿಯೊಳಗೇ ಇರಬೇಕು, ಬರ್ನರಿಗೆ ತಾಗಬಾರದು. ಇಷ್ಟಾದರೂ ಆರಿದರೆ ಬೋರ್ಡಿನಿಂದ ಗೀಸರಿನ ಮೈಗೆ ಬಂದ ತಂತಿಯ ಸ್ಕ್ರೂ ನೋಡಿ. ಅಲ್ಲಿ ತುಕ್ಕು ಹಿಡಿದಿದ್ದರೆ ಕರೆಂಟಿಗೆ ಹಿಂತಿರುಗುವ ದಾರಿಯೇ ಇರುವುದಿಲ್ಲ. ಇದನ್ನು ಗಮನಿಸದೆ ಹೊಸ ಬೋರ್ಡ್ ಹಾಕಿಸುವವರು ಬಹಳ.

ಪ್ರಶ್ನೆ: ಕೆಳಗಿನ ಮನೆಯಲ್ಲಿ ಅದೇ ಗೀಸರ್ ಚೆನ್ನಾಗಿದೆ. ಮೇಲಿನ ಮಹಡಿಯ ನಮ್ಮ ಮನೆಯಲ್ಲಿ ಒಮ್ಮೊಮ್ಮೆ ಚಟಚಟವೂ ಇಲ್ಲ. ಸೆಲ್ ಹೊಸದು.
– ಹುಬ್ಬಳ್ಳಿಯ ಓದುಗರು

ಉತ್ತರ: ನೀರಿನ ಒತ್ತಡ ಸಾಲುತ್ತಿಲ್ಲ. ಟ್ಯಾಂಕಿನ ನೀರು ಗೀಸರಿಗಿಂತ 10 ಮೀಟರ್ ಎತ್ತರದಲ್ಲಿದ್ದರೆ ಒತ್ತಡ ಸುಮಾರು 1 ಬಾರ್, 3 ಮೀಟರ್ ಇದ್ದರೆ 0.3 ಬಾರ್. ಅದಕ್ಕಿಂತ ಕಡಿಮೆಯಾದರೆ ಡಯಾಫ್ರಂ ಅಲುಗುವುದು ಕಷ್ಟ. 15 ಲೀಟರಿನ ಬಕೆಟ್ ಇಟ್ಟು ಬಿಸಿನೀರಿನ ನಲ್ಲಿ ಪೂರ್ತಿ ತೆರೆಯಿರಿ. 5 ನಿಮಿಷದಲ್ಲಿ ತುಂಬಿದರೆ ನಿಮಿಷಕ್ಕೆ 3 ಲೀಟರ್, ಅಷ್ಟಿದ್ದರೆ ಸಾಮಾನ್ಯವಾಗಿ ಸಾಕು. ಬಹಳ ನಿಧಾನವಾಗಿದ್ದರೆ ಮೊದಲು ಗೀಸರಿಗೆ ನೀರು ಒಳಬರುವಲ್ಲಿರುವ ಜಾಲರಿ ತೊಳೆಯಿರಿ. ಬೋರ್‌ವೆಲ್ ನೀರಾದರೆ ಅಲ್ಲಿ ಮರಳು, ಸುಣ್ಣದ ಚಕ್ಕೆ ಕಟ್ಟಿಕೊಂಡಿರುತ್ತದೆ. ನೀರು ಧಾರಾಳವಾಗಿ ಬಂದೂ ಸದ್ದಿಲ್ಲದಿದ್ದರೆ ಡಯಾಫ್ರಂ ಹರಿದಿರಬಹುದು, ಅಥವಾ ಪಿನ್ನು ಸುಣ್ಣಗಟ್ಟಿ ಸಿಕ್ಕಿಕೊಂಡಿರಬಹುದು. ಪಿನ್ನಿನ ಬಳಿ ನೀರು ಜಿನುಗುತ್ತಿದೆಯೇ ನೋಡಿ.

ಪ್ರಶ್ನೆ: ಇಲ್ಲಿ ಚಳಿ ಶುರುವಾಗಿದೆ. ಮನೆ ಬಿಸಿಮಾಡುವ ಗ್ಯಾಸ್ ಫರ್ನೇಸ್ ಹೊತ್ತಿಕೊಂಡು ಕೆಲವೇ ಸೆಕೆಂಡಿನಲ್ಲಿ ಆರುತ್ತದೆ. ಹೀಗೆ ಮೂರು ಸಲ ಆಗಿ ಸುಮ್ಮನಾಗುತ್ತದೆ, ಒಂದು ಗಂಟೆಯ ನಂತರ ಮತ್ತೆ ಅದೇ ಕಥೆ.
– ನ್ಯೂಜೆರ್ಸಿಯಲ್ಲಿರುವ ಓದುಗರು

ಉತ್ತರ: ಮೈಸೂರಿನವರ ಗೀಸರಿನ ಕಾಯಿಲೆಯೇ ಇದು. ಅಲ್ಲಿನ ಫರ್ನೇಸ್‌ಗಳಲ್ಲಿ ಸಾಮಾನ್ಯವಾಗಿ ಕಿಡಿ ಇರುವುದಿಲ್ಲ, ಕೆಂಪಗೆ ಕಾಯುವ ಇಗ್ನೈಟರ್ ಇರುತ್ತದೆ. ಉರಿ ಹತ್ತುತ್ತಿರುವುದರಿಂದ ಇಗ್ನೈಟರ್ ಸರಿಯಿದೆ. ಕರೆಂಟ್ ಸ್ವಿಚ್ ಮತ್ತು ಗ್ಯಾಸ್ ಎರಡನ್ನೂ ಆಫ್ ಮಾಡಿ, ಒಂದೇ ಸ್ಕ್ರೂನಲ್ಲಿ ನಿಂತ ಸೆನ್ಸರ್ ಕಡ್ಡಿ ಬಿಚ್ಚಿ, ಮೇಲೆ ಹೇಳಿದಂತೆ ಉಜ್ಜಿ. ಮೀಟರ್ ಇರುವ ತಂತ್ರಜ್ಞರು ಕಡ್ಡಿಯ ತಂತಿಗೆ ಸರಣಿಯಾಗಿ ಜೋಡಿಸಿ ಅಳೆದರೆ ಹೆಚ್ಚಿನ ಮಾದರಿಗಳಲ್ಲಿ 1ರಿಂದ 6 ಮೈಕ್ರೋ ಆಂಪಿಯರ್ ಸಿಗಬೇಕು. ಉಜ್ಜಿದ ಮೇಲೂ 1ಕ್ಕಿಂತ ಕೆಳಗಿದ್ದರೆ ಅರ್ಥಿಂಗ್ ನೋಡಿಸಿ. ಇಗ್ನೈಟರನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ಅಂಟಿದ ಕಡೆ ಕಾದಾಗ ಬಿರುಕು ಬಿಡುತ್ತದೆ.

ಪ್ರಶ್ನೆ: ನಮ್ಮ ಗೀಸರ್ 20 ನಿಮಿಷಕ್ಕೆ ತಾನೇ ಆರುತ್ತದೆ. ಮನೆಯಲ್ಲಿ ನಾಲ್ವರು ಒಬ್ಬರ ಹಿಂದೊಬ್ಬರು ಸ್ನಾನ ಮಾಡಬೇಕು. ಆ ಟೈಮರ್ ತೆಗೆಸಬಹುದೇ? ಗೀಸರ್ ಬಚ್ಚಲಿನ ಒಳಗೇ ಇದೆ.
– ಹಾಸನದ ಓದುಗರು

ಉತ್ತರ: ತೆಗೆಸಬೇಡಿ. ತೆಗೆಸಬೇಕಾದದ್ದು ಬಚ್ಚಲಿನೊಳಗಿನ ಗೀಸರನ್ನು.

6 ಲೀಟರಿನ ಗೀಸರ್ ನೀರನ್ನು 25 ಡಿಗ್ರಿ ಏರಿಸಲು ನಿಮಿಷಕ್ಕೆ ಸುಮಾರು 16 ಗ್ರಾಂ ಗ್ಯಾಸ್ ಸುಡುತ್ತದೆ. ಅಷ್ಟು ಗ್ಯಾಸ್ ಉರಿಯಲು 200 ಲೀಟರ್ ಗಾಳಿ ಬೇಕು. 20 ನಿಮಿಷಕ್ಕೆ 4,000 ಲೀಟರ್. 5 ಅಡಿ ಅಗಲ, 7 ಅಡಿ ಉದ್ದ, 8 ಅಡಿ ಎತ್ತರದ ಬಚ್ಚಲಿನಲ್ಲಿರುವ ಗಾಳಿಯೇ ಸುಮಾರು 8,000 ಲೀಟರ್. ಬಾಗಿಲು ಕಿಟಕಿ ಮುಚ್ಚಿದ್ದರೆ ಅರ್ಧ ಗಾಳಿಯ ಆಮ್ಲಜನಕ ಹೋಯಿತು. ಅದಕ್ಕೂ ಎಷ್ಟೋ ಮುಂಚೆಯೇ ಗ್ಯಾಸ್ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರಿನ ಗ್ಯಾಸಿಗೆ ಸೇರಿಸುವ ಮರ್ಕ್ಯಾಪ್ಟನ್ ವಾಸನೆ ಸೋರಿದ ಗ್ಯಾಸನ್ನಷ್ಟೇ ತಿಳಿಸುತ್ತದೆ, ಸುಟ್ಟ ಗ್ಯಾಸಿನ ವಿಷವನ್ನಲ್ಲ. ಸೆನ್ಸರ್ ಕಡ್ಡಿಗೂ ಇದು ತಿಳಿಯುವುದಿಲ್ಲ. ಉರಿ ಇದೆಯೋ ಇಲ್ಲವೋ ಎಂಬುದಷ್ಟೇ ಅದಕ್ಕೆ ಗೊತ್ತು.

ಗೀಸರನ್ನು ಹೊರಗಿನ ಗೋಡೆಗೋ ಗಾಳಿಯಾಡುವ ಯುಟಿಲಿಟಿ ಜಾಗಕ್ಕೋ ಸಾಗಿಸಿ, ಬಿಸಿನೀರಿನ ಪೈಪನ್ನಷ್ಟೇ ಒಳಗೆ ತನ್ನಿ. ಟೈಮರ್ ಆರಿಸಿದರೆ ನಲ್ಲಿ ಮುಚ್ಚಿ ಮತ್ತೆ ತೆರೆದರೆ ಹತ್ತುತ್ತದೆ, ಒಬ್ಬರ ಸ್ನಾನ ಮುಗಿದು ಇನ್ನೊಬ್ಬರು ಹೋಗುವಾಗ ಇದು ತೊಂದರೆಯೇ ಅಲ್ಲ. ಸಾಗಿಸುವ ತನಕ ಬಕೆಟ್‌ಗಳಿಗೆ ನೀರು ತುಂಬಿಸಿಕೊಂಡು, ಗೀಸರ್ ಆರಿಸಿ, ಬಾಗಿಲು ಐದು ನಿಮಿಷ ತೆರೆದಿಟ್ಟು, ಆಮೇಲೆ ಸ್ನಾನಕ್ಕೆ ಹೋಗಿ. ಉರಿ ನೀಲಿ ಬಿಟ್ಟು ಹಳದಿಯಾದರೆ ಅಂದೇ ಬಳಕೆ ನಿಲ್ಲಿಸಿ. ಒಳಗಿದ್ದವರಿಗೆ ತಲೆಸುತ್ತು, ತಲೆನೋವು, ವಾಂತಿ ಬಂದಂತಾದರೆ ಅಥವಾ ಕರೆದರೂ ಓಗೊಡದಿದ್ದರೆ ಬಾಗಿಲು ಒಡೆದಾದರೂ ಬಯಲಿನ ಗಾಳಿಗೆ ತಂದು 108ಕ್ಕೆ ಕರೆಮಾಡಿ, ಗ್ಯಾಸ್ ಗೀಸರ್ ಉರಿಯುತ್ತಿತ್ತು ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಿ.